ಪ್ಯಾಲೆಸ್ತೀನಿನ ಕುರಿಗಾರರ ಹಳ್ಳಿಗಳು: ಒಂದು ಹಿಂಡು ಕರಗೋದು ಹೇಗೆ?

ಬುಕ್ಕಾಪಟ್ಟಣ_ಹಟ್ಟಿ (ಶಿರಾ)

ಎಲ್ಲರಿಗೂ ನಮಸ್ಕಾರ. ನಮ್ಮ ಕುರಿ ಸಾಕಣೆದಾರರ ಸಂಘದ ಸಭೆಯಲ್ಲಿ ವೆಸ್ಟ್ ಬ್ಯಾಂಕಿನ (1967ರಿಂದ ಇಸ್ರೇಲ್ ಸೇನೆಯ ಹಿಡಿತದಲ್ಲಿರೋ ಪ್ಯಾಲೆಸ್ತೀನಿ ಪ್ರದೇಶ) ಕುರಿಗಾರರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಟೀವಿಯಲ್ಲಿ ಬರೋದು ಬೆಂಕಿ ಹಚ್ಚಿದ್ದು, ಹೊಡೆದದ್ದು. ಕುರಿ ಸಾಕೋರ ಮುಂದೆ ನಿಂತು ಅಷ್ಟನ್ನೇ ಹೇಳಿದರೆ ಅವರು ಕೇಳೋ ಮೊದಲ ಪ್ರಶ್ನೆಗೇ ಉತ್ತರ ಇರಲ್ಲ. ಯಾವ ತಳಿ, ಮಳೆ ಎಷ್ಟು, ಬೇಸಿಗೆಗೆ ಮೇವು ಎಲ್ಲಿಂದ, ನೀರು ಎಲ್ಲಿಂದ, ಹಾಲು ಏನು ಮಾಡ್ತಾರೆ?

ಇನ್ನೊಂದು. ಯಾರೂ ಬಂದು ಮನೆ ಕೆಡವದೆ ಇದ್ದರೂ ಇಡೀ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋಗಿದೆ ಅಂತ ಓದಿದೀನಿ. ತಲೆತಲಾಂತರದಿಂದ ಇದ್ದ ಜನ ಹಾಗೆ ಯಾಕೆ ಹೋಗ್ತಾರೆ? ಅಲ್ಲಿಗೆ ಬಂದು ನೆಲೆಸಿರೋ ಇಸ್ರೇಲಿ ವಸಾಹತುಗಾರರು ನಿಜವಾಗಿ ಮಾಡೋದೇನು? ಚೆನ್ನಾಗಿ ತಿಳಿದೋರು ಲೆಕ್ಕ ಸಮೇತ ಬರೆದರೆ ಉಪಕಾರ ಆಗುತ್ತೆ.

ಮಿಡಿಗೇಶಿ_ಓದುಗ (ಮಧುಗಿರಿ)

ಹಟ್ಟಿಯಣ್ಣ, ಇಡೀ ವೆಸ್ಟ್ ಬ್ಯಾಂಕ್ ಹಿಡಿದರೆ ಅರ್ಧ ಗಂಟೆಯಲ್ಲಿ ಮುಗಿಯಲ್ಲ. ಒಂದೇ ಜಾಗ ಹಿಡ್ಕೊಳ್ಳಿ. ಹೆಬ್ರಾನ್ ನಗರದ ದಕ್ಷಿಣಕ್ಕೆ ಯತ್ತಾ ಅಂತ ಪೇಟೆ ಇದೆ, ಅದಕ್ಕೂ ಆಚೆಗಿನ ಗುಡ್ಡಗಳಿಗೆ ಮಸಾಫರ್ ಯತ್ತಾ ಅಂತಾರೆ. ಜಿನ್ಬಾ, ಅಲ್-ಮಿರ್ಕೆಜ್, ಅಲ್-ಫಖೀತ್, ಅಲ್-ಮಜಾಜ್, ಖಲ್ಲತ್ ಅದ್-ದಬಾ, ಎಲ್ಲಾ ನಮ್ಮ ಗೊಲ್ಲರಹಟ್ಟಿಗಳಷ್ಟು ಸಣ್ಣ ಊರುಗಳು. ಆಸುಪಾಸಿನಲ್ಲೇ ಅತ್-ತುವಾನಿ, ತೂಬಾ, ಸುಸಿಯಾ, ಉಮ್ಮ್ ಅಲ್-ಖೈರ್. ಮರುಭೂಮಿಯ ಅಂಚು. ವರ್ಷದ ಮಳೆ 250ರಿಂದ 300 ಮಿ.ಮೀ., ಹೆಚ್ಚುಕಮ್ಮಿ ಪಾವಗಡದ ಅರ್ಧ. ಅದೂ ನವೆಂಬರ್‌ನಿಂದ ಮಾರ್ಚ್ ಒಳಗೆ ಸುರಿದು ಮುಗಿಯುತ್ತೆ. ಬೇಸಿಗೆ ಪೂರ್ತಿ ಒಂದು ಹನಿ ಬೀಳಲ್ಲ.

ತಳಿ ಅವಾಸಿ. ಬಿಳಿ ಮೈ, ಕಂದು ಮುಖ, ಅಗಲವಾದ ಕೊಬ್ಬಿನ ಬಾಲ. ಹಸಿರು ಇದ್ದಾಗ ಆ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು ಒಣಗಾಲದಲ್ಲಿ ಕರಗಿಸಿಕೊಂಡು ಬದುಕೋ ಕುರಿ. ಜೊತೆಗೆ ಜೋಲು ಕಿವಿಯ ಕರಿ ಮೇಕೆ. ಬೇಸಿಗೆಯಲ್ಲಿ ಟಗರು ಬಿಡ್ತಾರೆ, 150 ದಿನ ಗಬ್ಬ, ಡಿಸೆಂಬರ್–ಜನವರಿಗೆ ಈಯುತ್ತವೆ. ಮಳೆಗೆ ಗುಡ್ಡ ಹಸಿರಾಗೋದೂ ತಾಯಿಗೆ ಹಾಲು ಬೇಕಾಗೋದೂ ಒಂದೇ ಹೊತ್ತಿಗೆ ಕೂಡಿಬರಲಿ ಅಂತ ಈ ಲೆಕ್ಕ. ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಮೇವು, ಕೈಯಿಂದ ಖರ್ಚಿಲ್ಲ. ಮೇ–ಜೂನ್‌ನಲ್ಲಿ ಗೋಧಿ, ಬಾರ್ಲಿ ಕುಯ್ದ ಹೊಲದ ಕೂಳೆ ಮೇಯಿಸ್ತಾರೆ. ಅದೂ ಮುಗಿದ ಮೇಲೆ ಮಳೆ ಬರೋ ತನಕ ಮಾತ್ರ ಕೊಂಡ ಬಾರ್ಲಿ, ಒಣಹುಲ್ಲು. ಇದನ್ನ ಸಭೆಯಲ್ಲಿ ಒತ್ತಿ ಹೇಳಿ: ವರ್ಷದಲ್ಲಿ ಆರೇಳು ತಿಂಗಳು ಪುಕ್ಕಟೆ ಮೇವು ಸಿಕ್ಕಿದರೆ ಮಾತ್ರ ಈ ಬದುಕು ನಡೆಯೋದು.

ಹಾಲಿನ ಕೆಲಸ ಹೆಂಗಸರದು. ಕುರಿಗಳನ್ನ ಎದುರುಬದುರು ಎರಡು ಸಾಲು ನಿಲ್ಲಿಸಿ, ಕತ್ತುಗಳನ್ನ ಒಂದರ ಪಕ್ಕ ಒಂದು ಹೆಣೆದು ಒಂದೇ ಉದ್ದ ಹಗ್ಗದಲ್ಲಿ ಕಟ್ತಾರೆ. ಆಮೇಲೆ ಹಿಂದಿನಿಂದ ಕೂತು ಸಾಲು ಹಿಡಿದು ಕರೀತಾ ಹೋಗ್ತಾರೆ. ಮರಿ ಕುಡಿದು ಉಳಿದ ಹಾಲು ಕುರಿಗೆ ಅರ್ಧದಿಂದ ಒಂದು ಲೀಟರ್. ಸುಮಾರು 5 ಲೀಟರ್‌ಗೆ ಒಂದು ಕಿಲೋ ಬಿಳಿ ಚೀಸ್ ಬರುತ್ತೆ, ಉಪ್ಪುನೀರಿನಲ್ಲಿ ಇಟ್ಟು ಮಾರ್ತಾರೆ. ಉಳಿದ ಹಾಲನ್ನ ಹೆಪ್ಪು ಹಾಕಿ, ಮೇಕೆ ಚರ್ಮದ ಚೀಲದಲ್ಲಿ ತೂಗಿ ಬೆಣ್ಣೆ ತೆಗೀತಾರೆ, ಬೆಣ್ಣೆ ಕಾಯಿಸಿ ತುಪ್ಪ. ಮಜ್ಜಿಗೆಯನ್ನೂ ಚೆಲ್ಲಲ್ಲ: ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಉಪ್ಪು ಹಾಕಿ ನಾದಿ ಮುಷ್ಟಿ ಗಾತ್ರದ ಉಂಡೆ ಮಾಡಿ ಒಣಗಿಸ್ತಾರೆ. ಇದೇ ಜಮೀದ್. ನೆರಳಲ್ಲಿ ಒಣಗಿದರೆ ಬೆಳ್ಳಗಿರುತ್ತೆ, ಬಿಸಿಲಿಗಿಟ್ಟರೆ ಹಳದಿ ತಿರುಗುತ್ತೆ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿದು ಇಡೀ ಬುಟ್ಟಿ ಹಾಳು. ಚೆನ್ನಾಗಿ ಒಣಗಿದ್ದು ಫ್ರಿಜ್ ಇಲ್ಲದೆ ವರ್ಷ ನಿಲ್ಲುತ್ತೆ. ಕರೆಂಟ್ ಲೈನ್ ಕೊಡದ ಊರಲ್ಲಿ ಇದು ದೊಡ್ಡ ಮಾತು. ಕೆಲವು ಊರುಗಳಿಗೆ ಕೋಮೆಟ್-ಎಂಇ ಅನ್ನೋ ಇಸ್ರೇಲಿ–ಪ್ಯಾಲೆಸ್ತೀನಿ ಸಂಸ್ಥೆ ಸೋಲಾರ್ ಹಾಕಿಕೊಟ್ಟಿದೆ. ಆ ಪ್ಯಾನೆಲ್‌ಗಳನ್ನ ಒಡೆಯೋದು, ಅನುಮತಿ ಇಲ್ಲ ಅಂತ ಹೊತ್ತೊಯ್ಯೋದು, ಎರಡೂ ಆಗಿದೆ.

ವಾಸಕ್ಕೆ ಬಂಡೆ ಕೊರೆದ ಗುಹೆ, ತಗಡಿನ ಶೆಡ್, ಟೆಂಟ್. ಗುಹೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಅದು ಹಳೇ ಪದ್ಧತಿ. ಆದರೆ ಈಗಲೂ ಅಲ್ಲೇ ಇರೋದಕ್ಕೆ ಇನ್ನೊಂದು ಕಾರಣ, ಮೇಲೆ ಕಟ್ಟಿದ್ದನ್ನ ಅನುಮತಿ ಇಲ್ಲ ಅಂತ ಇಸ್ರೇಲ್ ಸೇನೆ ಕೆಡವುತ್ತೆ.

ಇನ್ನು ವಸಾಹತುಗಾರರ ವಿಷಯ. ಹಳೇ ಕಾಲಕ್ಕೆ ವಸಾಹತು ಅಂದರೆ ಬೇಲಿ ಹಾಕಿದ ಬಡಾವಣೆ. ಈಗ ನಡೀತಿರೋದು ಬೇರೆ. ಗುಡ್ಡದ ನೆತ್ತಿ ಮೇಲೆ ಒಂದು ಕಂಟೇನರ್, ಒಂದು ರೊಪ್ಪ, ನಾಲ್ಕೈದು ಹುಡುಗರು, ಒಂದು ಹಿಂಡು ಕುರಿ ಅಥವಾ ದನ. ಇಸ್ರೇಲಿನ ಕಾನೂನಿನಲ್ಲೇ ಇಂಥವಕ್ಕೆ ಹೆಚ್ಚಿನ ಕಡೆ ಅನುಮತಿ ಇಲ್ಲ. ಆದರೂ ರಸ್ತೆ, ನೀರು, ಕಾವಲು ಬರುತ್ತೆ. ಬಡಾವಣೆ ಕಟ್ಟಿದರೆ ಬೇಲಿ ಒಳಗಿನ ಜಾಗ ಮಾತ್ರ ಸಿಗೋದು. ಹಿಂಡು ಬಿಟ್ಟರೆ ಅದು ನಡೆದಷ್ಟೂ ಜಾಗ ಸಿಗುತ್ತೆ. ಹೀಗೆ ಮೇಯಿಸೋ ನೆಪದಲ್ಲಿ ಹಿಡಿದ ನೆಲ ವೆಸ್ಟ್ ಬ್ಯಾಂಕಿನ ಸುಮಾರು 14% ಆಗಿದೆ ಅಂತ ಇಸ್ರೇಲಿನದೇ ಪೀಸ್ ನೌ ಮತ್ತು ಕೆರೆಮ್ ನವೋತ್ ಸಂಸ್ಥೆಗಳು ಲೆಕ್ಕ ಹಾಕಿವೆ.

ದಿನನಿತ್ಯ ನಡೆಯೋದು ಹೀಗೆ. ನಿಮ್ಮ ಹಿಂಡು ಕಣಿವೆಗೆ ಇಳಿದ ಕೂಡಲೇ ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬ ಬಂದು ಹಿಂಡಿನ ನಡುವೆ ನುಗ್ಗಿಸ್ತಾನೆ. ಇಲ್ಲವೇ ಡ್ರೋನ್ ತಲೆಮಟ್ಟಕ್ಕೆ ಇಳಿಸ್ತಾನೆ, ಕುರಿ ದಿಕ್ಕಾಪಾಲು. ಇಲ್ಲವೇ ಅವನ ಹಿಂಡನ್ನ ತಂದು ನಿಮ್ಮ ಬಾರ್ಲಿ ಪೈರಿಗೇ ಬಿಡ್ತಾನೆ. ನೀವು ದನಿ ಎತ್ತಿದರೆ ಫೋನ್ ಮಾಡ್ತಾನೆ, ಸೈನಿಕರು ಬಂದು 'ಇದು ಮುಚ್ಚಿದ ಸೇನಾ ವಲಯ' ಅನ್ನೋ ಹಾಳೆ ತೋರಿಸಿ ನಿಮ್ಮನ್ನೇ ಕಳಿಸ್ತಾರೆ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ದಾಳಿ ಆಗಿ ಗಾಜಾ ಯುದ್ಧ ಶುರುವಾದ ಮೇಲೆ ಆ ವಸಾಹತುಗಳವರನ್ನೇ ಸ್ಥಳೀಯ ರಕ್ಷಣಾ ಪಡೆಗೆ ಸೇರಿಸಿ ಸಮವಸ್ತ್ರ, ಬಂದೂಕು ಕೊಟ್ಟರು. ನಿನ್ನೆ ಪೈರಿಗೆ ಕುರಿ ಬಿಟ್ಟೋನೇ ಇವತ್ತು ಗುರುತಿನ ಚೀಟಿ ಕೇಳೋ ಸೈನಿಕ. ರಾತ್ರಿ ಹೊತ್ತು ಪೈಪ್ ಕುಯ್ಯೋದು, ನೀರಿನ ಟ್ಯಾಂಕ್ ತೂತು ಮಾಡೋದು, ರೊಪ್ಪದಿಂದ ಕುರಿ ಕದಿಯೋದು. ಮಕ್ಕಳನ್ನೂ ಬಿಟ್ಟಿಲ್ಲ: ತೂಬಾದ ಮಕ್ಕಳು ಅತ್-ತುವಾನಿ ಶಾಲೆಗೆ ಹೋಗೋ ದಾರಿ ಹವಾತ್ ಮಾಓನ್ ಅನ್ನೋ ನೆಲೆಯ ಪಕ್ಕದಲ್ಲೇ ಹಾದುಹೋಗುತ್ತೆ. ಅಲ್ಲಿ ಹಲ್ಲೆ ಆಗಿ ಆಗಿ 2004ರಲ್ಲಿ ಮಕ್ಕಳ ಜೊತೆ ಸೇನೆಯ ಜೀಪ್ ಕಳಿಸೋ ವ್ಯವಸ್ಥೆ ಮಾಡಬೇಕಾಯಿತು.

ಚಿಂತಾಮಣಿ_ಪಶುವೈದ್ಯ

ಮಿಡಿಗೇಶಿಯವರು ಹೇಳಿದ 'ಆರೇಳು ತಿಂಗಳ ಪುಕ್ಕಟೆ ಮೇವು' ಅನ್ನೋದರ ಮೇಲೇ ಎಲ್ಲಾ ನಿಂತಿದೆ. ನೂರು ತಾಯಿಕುರಿಯ ಹಿಂಡು ಅಂತ ಇಟ್ಟುಕೊಂಡು ಲೆಕ್ಕ ಕೊಡ್ತೀನಿ, ಕರಿಹಲಗೆ ಮೇಲೆ ಹಾಗೇ ಬರೆಯಬಹುದು.

ಪೂರ್ತಿ ಒಣಮೇವಿನ ಮೇಲೆ ಇರೋ ಒಂದು ಅವಾಸಿ ಕುರಿಗೆ ದಿನಕ್ಕೆ ಸುಮಾರು 700 ಗ್ರಾಂ ಬಾರ್ಲಿ, ಒಂದು ಕಿಲೋ ಹುಲ್ಲು. ನೂರಕ್ಕೆ 70 ಕಿಲೋ ಬಾರ್ಲಿ, 100 ಕಿಲೋ ಹುಲ್ಲು. ಬಯಲು ತೆರೆದಿದ್ದಾಗ ಐದು ತಿಂಗಳು ಮಾತ್ರ ಕೊಳ್ಳಬೇಕು, ಹತ್ತೂವರೆ ಟನ್ ಬಾರ್ಲಿ. ಬಯಲು ಮುಚ್ಚಿದರೆ ಹನ್ನೆರಡು ತಿಂಗಳೂ ಕೊಳ್ಳಬೇಕು, ಇಪ್ಪತ್ತೈದೂವರೆ ಟನ್. ಕೈಗೆ ಸಿಗೋ ಮರಿ ಮಾತ್ರ ಅಷ್ಟೇ: ನೂರು ತಾಯಿಗೆ ಎಂಬತ್ತು ಚಿಲ್ಲರೆ. ಅದೇ ಆದಾಯ, ಎರಡೂವರೆ ಪಟ್ಟು ಮೇವಿನ ಖರ್ಚು.

ನೀರಿಗೂ ಇದೇ ಪೆಟ್ಟು, ಇದು ಹೊರಗಿನೋರಿಗೆ ಹೊಳೆಯಲ್ಲ. ಹಸಿ ಹುಲ್ಲಲ್ಲಿ ಮುಕ್ಕಾಲು ಪಾಲು ನೀರೇ ಇರೋದು. ಹಸಿರು ಮೇದ ಕುರಿ ಚಳಿಗಾಲದಲ್ಲಿ ತೊಟ್ಟಿ ಕಡೆ ತಿರುಗಿಯೂ ನೋಡಲ್ಲ ಅನ್ನೋದು ನಿಮಗೇ ಗೊತ್ತು. ಒಣಮೇವು ಹಾಕಿದರೆ ಬೇಸಿಗೆಯಲ್ಲಿ 6ರಿಂದ 8 ಲೀಟರ್ ಬೇಕು. ನೂರಕ್ಕೆ ದಿನಕ್ಕೆ 700 ಲೀಟರ್. ಹತ್ತು ಜನರ ಮನೆಗೆ ತಲಾ 25 ಲೀಟರ್ ಹಿಡಿದರೆ 250. ಒಟ್ಟು 950. ಅಲ್ಲಿ ನೀರಿಗೆ ಆಧಾರ ಬಂಡೆಯಲ್ಲಿ ಕೊರೆದ ಬಾವಿಯಂಥ ತೊಟ್ಟಿ, ಮಳೆನೀರು ಹರಿದು ಬಂದು ತುಂಬೋದು. 200 ಚದರ ಮೀಟರ್ ಬಂಡೆ ಮೇಲೆ 300 ಮಿ.ಮೀ. ಮಳೆ ಬಿದ್ದು ನೂರಕ್ಕೆ ಅರವತ್ತು ಪಾಲು ಒಳಗೆ ಬಂತು ಅಂದರೆ 36,000 ಲೀಟರ್. ಅಂದರೆ ತುಂಬಿದ ತೊಟ್ಟಿ 38 ದಿನಕ್ಕೆ ಬರಿದು. ಆಮೇಲೆ ಟ್ಯಾಂಕರ್ರೇ ಗತಿ. ಕೊಳವೆ ನೀರಿಗಿಂತ ಅದು ಹಲವು ಪಟ್ಟು ದುಬಾರಿ, ಅದೂ ರಸ್ತೆಗೆ ಅಡ್ಡ ಮಣ್ಣು, ಬಂಡೆ ಸುರಿಯದೆ ಇದ್ದರೆ ಬರೋದು. ಉಮ್ಮ್ ಅಲ್-ಖೈರ್‌ಗೆ ಒತ್ತಿಕೊಂಡೇ ಇರೋ ಕಾರ್ಮೆಲ್ ವಸಾಹತಿನಲ್ಲಿ ಮನೆ ಮನೆಗೂ ನಲ್ಲಿ ಇದೆ.

ದಿಢೀರ್ ಅಂತ ಬಯಲು ಮುಚ್ಚಿದಾಗ ಆಗೋ ರೋಗದ ಮಾತು. ಮೇದು ಬರ್ತಿದ್ದ ಹಿಂಡಿಗೆ ಒಮ್ಮೆಲೇ ಬಾರ್ಲಿ ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಬೀಳುತ್ತೆ. 100 ಗ್ರಾಂನಿಂದ ಶುರು ಮಾಡಿ ಮೂರು ದಿನಕ್ಕೊಮ್ಮೆ 100 ಗ್ರಾಂ ಏರಿಸುತ್ತಾ ಹೋಗಬೇಕು. 700ಕ್ಕೆ ಮುಟ್ಟೋಕೆ ಸುಮಾರು ಮೂರು ವಾರ. ಇಡೀ ಕಾಳು ಹಾಕಬೇಕು, ನುಣ್ಣಗೆ ಬೀಸಿದ್ದು ಬೇಗ ಹುಳಿಯುತ್ತೆ. ಮೇವು ಬಿಡೋದು, ಎಡಪಕ್ಕೆ ಉಬ್ಬೋದು, ಹುಳಿ ನಾತದ ಭೇದಿ ಕಂಡರೆ ಕಾಳು ನಿಲ್ಲಿಸಿ, 15–20 ಗ್ರಾಂ ಅಡುಗೆ ಸೋಡ ನೀರಲ್ಲಿ ಕರಗಿಸಿ ಕುಡಿಸಿದರೆ ಶುರುವಿನಲ್ಲಿ ಉಳಿಯುತ್ತೆ. ಏಳದೆ ಮಲಗಿತು ಅಂದರೆ ಕೈ ಮೀರಿದ ಹಾಗೆ. ಕಾಳಿನ ಜೊತೆಗೇ ಕರುಳುಬೇನೆಯೂ ಬರುತ್ತೆ. ಇವತ್ತು ಬೆಳಿಗ್ಗೆ ಹಾಳೆ ತೋರಿಸಿ ನಾಳೆಯಿಂದ ಗುಡ್ಡಕ್ಕೆ ಬರಬೇಡ ಅಂದರೆ ಮೂರು ವಾರದ ವ್ಯವಧಾನ ಯಾರಿಗಿದೆ?

ಡ್ರೋನ್ ವಿಷಯವನ್ನ ಪೋಲಿ ಹುಡುಗರ ಆಟ ಅಂತ ತಳ್ಳಿ ಹಾಕಬೇಡಿ. ಗಬ್ಬದ ಕೊನೇ ಆರು ವಾರದಲ್ಲಿ ಬೆದರಿ ಕಲ್ಲು, ಕೊರಕಲಲ್ಲಿ ಓಡಿದ ಕುರಿ ಕಂದು ಹಾಕುತ್ತೆ, ಕಾಲು ಮುರ್ಕೊಳ್ಳುತ್ತೆ. ಆ ಹೊತ್ತಿನಲ್ಲಿ ಒಂದೆರಡು ದಿನ ಮೇವಿಲ್ಲದೆ ರೊಪ್ಪದಲ್ಲೇ ಕೂಡಿದರೂ ಅವಳಿ ಹೊತ್ತ ಕುರಿ ತಲೆ ಜೋತು ಹಾಕಿ ಕಣ್ಣು ಕಾಣದಂತಾಗಿ ಸಾಯುತ್ತೆ. ವರ್ಷಪೂರ್ತಿ ರೊಪ್ಪದಲ್ಲಿ ಇಟ್ಟರೆ ಗೊರಸು ಕೊಳೆತ, ಗಂಜಲದ ಗಾಳಿಗೆ ಮರಿಗಳ ಪುಪ್ಪುಸಕ್ಕೆ ಕೆಮ್ಮು.

ನಿಮ್ಮ 'ಯಾಕೆ ಎದ್ದು ಹೋಗ್ತಾರೆ' ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ನೂರರಲ್ಲಿ ವರ್ಷಕ್ಕೆ ಇಪ್ಪತ್ತು ಮುದಿ ಕುರಿ ತೆಗೆದು ಇಪ್ಪತ್ತು ಹೆಣ್ಣುಮರಿ ಉಳಿಸಿಕೊಂಡರೆ ಹಿಂಡು ನಿಲ್ಲುತ್ತೆ. ಬಾರ್ಲಿ ಸಾಲ ತೀರಿಸೋಕೆ ಮೊದಲು ಮಾರೋದು ಆ ಹೆಣ್ಣುಮರಿಗಳನ್ನ. ಮುಂದಿನ ವರ್ಷ ಹಾಲು ಕೊಡೋ ತಾಯಿಗಳನ್ನ. ಯಾರೂ ಒಂದು ಗುಂಡು ಹಾರಿಸದೆ ಇದ್ದರೂ ನಾಲ್ಕೈದು ವರ್ಷಕ್ಕೆ ರೊಪ್ಪ ಖಾಲಿ. ರೊಪ್ಪ ಖಾಲಿಯಾದ ಮೇಲೆ ಆ ಗುಡ್ಡದಲ್ಲಿ ಮಾಡೋಕೆ ಬೇರೆ ಕೆಲಸ ಏನಿದೆ?

ಬುಕ್ಕಾಪಟ್ಟಣ_ಹಟ್ಟಿ

ಡಾಕ್ಟ್ರೇ, ಓದುಗರೇ, ತುಂಬಾ ಉಪಕಾರ. ಹತ್ತೂವರೆ ಟನ್ನಿಗೆ ಇಪ್ಪತ್ತೈದೂವರೆ ಟನ್ ಅನ್ನೋದೊಂದೇ ಸಾಕು, ಸಭೆಯಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ. ಇನ್ನೆರಡು ಪ್ರಶ್ನೆ ಖಂಡಿತ ಬರುತ್ತೆ. ಪೊಲೀಸ್, ಕೋರ್ಟ್ ಇಲ್ವಾ? ಆಮೇಲೆ, ಪಾವಗಡದ ಸೋಲಾರ್ ಪಾರ್ಕ್, ಚಳ್ಳಕೆರೆ ಕಾವಲು, ಗೋಮಾಳ ಒತ್ತುವರಿ ನೋಡಿದ ನಮ್ಮೋರು 'ಇಲ್ಲೂ ಅದೇ ಆಗಿದೆ ಬಿಡಿ' ಅಂತಾರೆ. ಅದಕ್ಕೆ ಏನು ಹೇಳಲಿ?

ಕೋಲಾರ_ವಕೀಲೆ

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಮೊದಲನೆಯದಕ್ಕೂ ಉತ್ತರ ಅದರಲ್ಲೇ ಇದೆ.

ಗೋಮಾಳವೂ ಸರ್ಕಾರದ್ದೇ ಜಮೀನು. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಹುಲ್ಲುಗಾವಲಿಗೆ ಜಾಗ ಮೀಸಲಿಡುವ ಮಾತು ಬರಹದಲ್ಲಿದೆ. 1966ರ ನಿಯಮಗಳ 97ನೇ ನಿಯಮದ ಪ್ರಕಾರ 100 ದನಕ್ಕೆ 30 ಎಕರೆ. ಅದನ್ನು ಮೀರುವವರು ಬೇಕಾದಷ್ಟು ಜನ ಇದ್ದಾರೆ, ಆದರೂ ತಹಸೀಲ್ದಾರರ ಮುಂದೆ, ಹೈಕೋರ್ಟಿನ ಮುಂದೆ ಹಿಡಿದು ನಿಲ್ಲಲು ಒಂದು ಸಾಲು ಇದೆ. ಪಾವಗಡದಲ್ಲಿ 13,000 ಎಕರೆ ಸೋಲಾರಿಗೆ ಹೋದಾಗ ಪಹಣಿ ಇದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು, ಅಲ್ಲಿ ಮೇಯಿಸುತ್ತಿದ್ದ ಜಮೀನಿಲ್ಲದ ಕುರಿಗಾರರಿಗೆ ಏನೂ ಇಲ್ಲ. ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10,000 ಎಕರೆ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಿತು. ಮೇಯಿಸುವವನ ಹಕ್ಕು ಯಾರ ಕಾಗದದಲ್ಲೂ ಇರುವುದಿಲ್ಲ ಎನ್ನುವ ಮಟ್ಟಿಗೆ ಹೋಲಿಕೆ ಸರಿ. ಅಲ್ಲಿಂದಾಚೆಗೆ ಹೋಲಿಸಬೇಡಿ. ಇಲ್ಲಿ ಕುರಿಗಾರನಿಗೂ ಅಧಿಕಾರಿಗೂ ಕಾನೂನು ಒಂದೇ, ಕುರಿಗಾರನಿಗೆ ವೋಟಿದೆ, ಎಂಎಲ್ಎ ಮನೆ ಮುಂದೆ ಧರಣಿ ಕೂರಬಹುದು. ಅಲ್ಲಿ ಒಂದೇ ಗುಡ್ಡದಲ್ಲಿ ವಸಾಹತುಗಾರನಿಗೆ ಇಸ್ರೇಲಿನ ನಾಗರಿಕ ಕಾನೂನು, ಪ್ಯಾಲೆಸ್ತೀನಿಯವನಿಗೆ ಸೇನಾ ಕಾನೂನು, ಸೇನಾ ಕೋರ್ಟು. ಆ ಸೇನೆಯನ್ನು ನಡೆಸುವ ಸರ್ಕಾರಕ್ಕೆ ಅವನ ವೋಟಿಲ್ಲ.

ಜಮೀನಿನ ಕಾನೂನೂ ಕುರಿಗಾರನಿಗೆ ಎದುರು. 1858ರ ಒಟ್ಟೋಮನ್ ಭೂ ಸಂಹಿತೆಯನ್ನು ಇಸ್ರೇಲ್ ತನ್ನ ರೀತಿಯಲ್ಲಿ ಓದಿ, ಬೇಸಾಯ ಮಾಡದ ಬೀಳನ್ನು ಸರ್ಕಾರಿ ಜಮೀನು ಎಂದು ಘೋಷಿಸುತ್ತದೆ. ಮೇಯಿಸುವುದು ಬೇಸಾಯ ಅಲ್ಲ. ಹಾಗಾಗಿ ಕಲ್ಲುಗುಡ್ಡದ ಹುಲ್ಲುಗಾವಲೇ ಮೊದಲು ಹೋಗುವುದು. ಹೀಗೆ ಸರ್ಕಾರಿ ಎನಿಸಿದ ಜಮೀನಿನಲ್ಲಿ 1967ರಿಂದ ಹಂಚಿಕೆ ಆದದ್ದರ ಪೈಕಿ 99.76% ವಸಾಹತುಗಳಿಗೆ ಹೋಗಿದೆ, ಪ್ಯಾಲೆಸ್ತೀನಿಯರಿಗೆ 0.24%. ಮಾಹಿತಿ ಹಕ್ಕಿನ ಅರ್ಜಿಗೆ ಇಸ್ರೇಲಿನ ಆಡಳಿತವೇ ಕೊಟ್ಟ ಉತ್ತರ ಇದು.

ಇಸ್ರೇಲ್–ಪ್ಯಾಲೆಸ್ತೀನಿಯರ ನಡುವಿನ 1995ರ ಓಸ್ಲೋ ಎರಡನೇ ಒಪ್ಪಂದದ ಪ್ರಕಾರ ವೆಸ್ಟ್ ಬ್ಯಾಂಕಿನ ಸುಮಾರು 60% 'ಸಿ ವಲಯ', ಅಲ್ಲಿ ಪೊಲೀಸು, ಕಟ್ಟಡ ಪರವಾನಗಿ ಎಲ್ಲವೂ ಇಸ್ರೇಲಿನ ಕೈಯಲ್ಲಿ. ಮಸಾಫರ್ ಯತ್ತಾ ಇರುವುದು ಅಲ್ಲೇ. 1980ರ ದಶಕದ ಆರಂಭದಲ್ಲಿ ಅದರ ಸುಮಾರು 30,000 ದುನಮ್ ಅನ್ನು 'ಫೈರಿಂಗ್ ಜೋನ್ 918', ಅಂದರೆ ಸೇನೆಯ ಗುಂಡು ಅಭ್ಯಾಸದ ಜಾಗ, ಎಂದು ಘೋಷಿಸಿದರು. ಒಂದು ದುನಮ್ ಅಂದರೆ ಹತ್ತು ಗುಂಟೆಗೆ ಚೂರು ಕಮ್ಮಿ, ಹಾಗಾಗಿ ಸುಮಾರು 7,400 ಎಕರೆ. 1999ರಲ್ಲಿ ಸುಮಾರು 700 ಜನರನ್ನು ಲಾರಿಗಳಲ್ಲಿ ತುಂಬಿ ಹೊರಹಾಕಿದರು. 2000ದಲ್ಲಿ ಇಸ್ರೇಲಿನ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟು ವಾಪಸ್ ಬಿಟ್ಟಿತು. ಇಪ್ಪತ್ತೆರಡು ವರ್ಷ ಎಳೆದು 2022ರ ಮೇ 4ರಂದು ಊರಿನವರ ಅರ್ಜಿ ವಜಾ ಆಯಿತು.

ಇನ್ನು ದೂರು. ದಕ್ಷಿಣ ಹೆಬ್ರಾನಿನವರು ಹೋಗಬೇಕಾದ ಠಾಣೆ ಇರುವುದು ಕಿರ್ಯಾತ್ ಅರ್ಬಾ ಎಂಬ ವಸಾಹತಿನಲ್ಲಿ. ಒಳಗೆ ತಾನಾಗಿ ಕಾಲಿಡುವಂತಿಲ್ಲ, ಗೇಟಿನಲ್ಲಿ ಕಾದು ಯಾರಾದರೂ ಕರೆದೊಯ್ಯಬೇಕು. ಹಿಂಡನ್ನು ಯಾರಿಗಾದರೂ ಒಪ್ಪಿಸಿ ಒಂದು ದಿನ ಕಳೆಯಬೇಕು. ಜಮೀನು ನಿನ್ನದೆನ್ನಲು ಒಟ್ಟೋಮನ್ ಅಥವಾ ಜೋರ್ಡಾನ್ ಕಾಲದ ತೆರಿಗೆ ರಸೀದಿ, ಕದ್ದ ಕುರಿ ನಿನ್ನದೆನ್ನಲು ಕಿವಿ ಓಲೆ ನಂಬರು, ಹೊಡೆದವನ ಮುಖ ಕಾಣುವ ವಿಡಿಯೋ ಬೇಕು. ಇಷ್ಟಾದ ಮೇಲೂ, 2005ರಿಂದ ಇಂಥ ಪ್ರಕರಣಗಳ ಬೆನ್ನು ಹತ್ತಿರುವ ಯೆಶ್ ದಿನ್ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 94% ತನಿಖೆಗಳು ಆರೋಪಪಟ್ಟಿ ಇಲ್ಲದೆ ಮುಚ್ಚಿವೆ. ಎದುರು ದೂರು ಕೊಟ್ಟು ಕುರಿಗಾರನನ್ನೇ ಹಿಡಿಸುವುದೂ ಉಂಟು. ಆದ್ದರಿಂದ ದೂರು ಕೊಡದೆ ಸುಮ್ಮನಾದವರನ್ನು ಅಂಜುಬುರುಕರು ಎನ್ನಬೇಡಿ.

ತೀರ್ಪುಗಳೇ ಇಲ್ಲ ಅಂತಲ್ಲ. 2006ರ ಮೊರಾರ್ ಪ್ರಕರಣದಲ್ಲಿ ಇಸ್ರೇಲಿನ ಹೈಕೋರ್ಟು ಸ್ಪಷ್ಟವಾಗಿ ಹೇಳಿದೆ: ವಸಾಹತುಗಾರರು ಹಲ್ಲೆ ಮಾಡುತ್ತಾರೆಂಬ ಕಾರಣಕ್ಕೆ ರೈತನಿಗೆ ಅವನ ಹೊಲ ಮುಚ್ಚಕೂಡದು, ಹಲ್ಲೆ ಮಾಡುವವರನ್ನು ತಡೆಯಬೇಕು. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಈ ಪ್ರದೇಶಗಳಲ್ಲಿ ಇಸ್ರೇಲ್ ಉಳಿದಿರುವುದೇ ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟಿತು. ಗುಡ್ಡದ ಮೇಲೆ ಮಾತ್ರ ಹಾಳೆ ಹಿಡಿದ ಸೈನಿಕನ ಮಾತೇ ನಡೆಯುವುದು.

ಮಿಡಿಗೇಶಿ_ಓದುಗ

ವಕೀಲೆ ಮೇಡಂ ಹೇಳಿದ್ದಕ್ಕೆ ಒಂದು ಊರಿನ ಉದಾಹರಣೆ ಸೇರಿಸ್ತೀನಿ, ಜನೂತಾ. ಅಧ್-ಧಾಹಿರಿಯಾ ಪೇಟೆ ಹತ್ತಿರದ ಊರು, ಸುಮಾರು 250 ಜನ. 2023ರ ಅಕ್ಟೋಬರ್ ಕೊನೆಗೆ ಬೆದರಿಕೆ, ಹೊಡೆತ ತಾಳದೆ ತಾವೇ ತಗಡು ಬಿಚ್ಚಿ ಲಾರಿಗೆ ಹೇರಿಕೊಂಡು ಹೊರಟರು. ಆ ವರ್ಷ ಮುಗಿಯೋದರೊಳಗೆ ಬೇರೆ ಬೇರೆ ಊರುಗಳಿಂದ ಹೀಗೆ ಹೊರಟೋರು ಸಾವಿರಕ್ಕೂ ಹೆಚ್ಚು. ಜನೂತಾದೋರು ಕೋರ್ಟಿಗೆ ಹೋದರು, ಗೆದ್ದರು ಕೂಡ: 2024ರ ಜುಲೈನಲ್ಲಿ ಅವರನ್ನ ವಾಪಸ್ ಬರೋಕೆ ಬಿಡಬೇಕು ಅಂತ ಆದೇಶ ಆಯ್ತು. ಆಗಸ್ಟ್‌ನಲ್ಲಿ ಕೆಲವರು ಕುರಿ ಹೊಡಕೊಂಡು ಬಂದರು. ಮನೆಗಳೂ ಶಾಲೆಯೂ ನೆಲಸಮ ಆಗಿದ್ದವು. ಗೋಡೆ ಮೇಲೆ ಚಾವಣಿ ಹಾಕೋಕೆ ಅನುಮತಿ ಇಲ್ಲ ಅಂದರು. ವಸಾಹತುಗಾರರ ಹಿಂಡು ಮತ್ತೆ ಬಂತು. ಸ್ವಲ್ಪ ವಾರಕ್ಕೇ ಜನ ಮತ್ತೆ ಹೊರಟರು.

ಅಷ್ಟಾದರೂ ಉಳಿದೋರು ಹೇಗೆ ಉಳಿದಿದಾರೆ ಅಂತ ಸಭೆಯಲ್ಲಿ ಕೇಳಬಹುದು. ಒಬ್ಬನೇ ಯಾವತ್ತೂ ಮೇಯಿಸೋಕೆ ಹೋಗಲ್ಲ. ಹಿಂಡು ಒಡೆದು ಎರಡು ಕಣಿವೆಗೆ ಬಿಡ್ತಾರೆ, ಒಂದು ಸಿಕ್ಕಿಬಿದ್ದರೂ ಇನ್ನೊಂದರ ಹೊಟ್ಟೆ ತುಂಬುತ್ತೆ. ಬೀಳು ಬಿಟ್ಟರೆ ಸರ್ಕಾರಿ ಅಂತಾರೆ ಅಂತ ಹಿಡಿಯಷ್ಟು ಮಣ್ಣು ಇರೋ ಜಾಗದಲ್ಲೂ ಬಾರ್ಲಿ ಬಿತ್ತುತ್ತಾರೆ. ತಾಯುಷ್ ಅನ್ನೋ ಇಸ್ರೇಲಿ–ಪ್ಯಾಲೆಸ್ತೀನಿ ಗುಂಪಿನೋರು, ಅತ್-ತುವಾನಿಯಲ್ಲಿ ನೆಲೆಸಿರೋ ಇಟಲಿಯ ಆಪರೇಷನ್ ಡವ್‌ನೋರು, ಇಸ್ರೇಲಿನ ಕೆಲವು ಯಹೂದಿ ಧರ್ಮಗುರುಗಳು ಹಿಂಡಿನ ಜೊತೆ ನಡೀತಾರೆ. ಹೊರಗಿನ ಕಣ್ಣು ಇದ್ದರೆ ಹೊಡೆತ ಸ್ವಲ್ಪ ಕಮ್ಮಿ, ಪೂರ್ತಿ ನಿಲ್ಲಲ್ಲ, ಅವರಿಗೂ ಏಟು ಬಿದ್ದಿದೆ.

ಕ್ಯಾಮೆರಾ ಇನ್ನೊಂದು ಆಸರೆ. ಇಸ್ರೇಲಿನ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ 2007ರಿಂದ ಹಳ್ಳಿಯವರ ಕೈಗೇ ಕ್ಯಾಮೆರಾ ಕೊಡ್ತಾ ಬಂದಿದೆ. ಕಲಿತಿರೋ ಪಾಠ ಸರಳ: ಮಧ್ಯೆ ಆಫ್ ಮಾಡಬಾರದು, ತುಂಡು ತುಂಡಾದರೆ 'ಮೊದಲು ನೀನೇನು ಮಾಡಿದೆ' ಅಂತಾರೆ. ಮುಖದ ಜೊತೆ ಹಿಂದಿನ ಗುಡ್ಡವೂ ಬರಬೇಕು, ಜಾಗ ಗೊತ್ತಾಗೋಕೆ. ಸೈನಿಕ ಹಾಳೆ ತೋರಿಸಿದರೆ ಅದರಲ್ಲಿ ನಕ್ಷೆ, ಸಹಿ, ತಾರೀಖು, ಎಷ್ಟು ಗಂಟೆವರೆಗೆ ಅನ್ನೋದು ಇದೆಯಾ ನೋಡಿ ಹಾಳೆಯನ್ನೂ ಹಿಡೀಬೇಕು. ಚಿತ್ರ ತಕ್ಷಣ ಬೇರೆಯವರ ಫೋನಿಗೆ ಕಳಿಸಬೇಕು, ಫೋನ್ ಕಿತ್ತುಕೊಳ್ಳೋದು ಮಾಮೂಲಿ.

ಇಷ್ಟೆಲ್ಲಾ ಮಾಡಿದರೂ ಜೀವಕ್ಕೆ ಖಾತ್ರಿ ಇಲ್ಲ. 2025ರ ಜುಲೈ 28ರಂದು ಉಮ್ಮ್ ಅಲ್-ಖೈರ್‌ನಲ್ಲಿ ವಸಾಹತುಗಾರರ ಅಗೆಯೋ ಯಂತ್ರ ಊರೊಳಗೆ ನುಗ್ಗಿದಾಗ ನಡೆದ ಗಲಾಟೆಯಲ್ಲಿ ವಸಾಹತುಗಾರನೊಬ್ಬ ಹಾರಿಸಿದ ಗುಂಡಿಗೆ ಶಾಲಾ ಮೇಷ್ಟ್ರು ಅವ್ದಾ ಹಥಲೀನ್ ಸತ್ತರು. ಹೋರಾಟವನ್ನ ಹೊರಗಿನ ಜಗತ್ತಿಗೆ ತಿಳಿಸ್ತಿದ್ದ ಮನುಷ್ಯ. ಆ ಊರಿನೋರು 1948ರ ನಂತರ ಈಗ ಇಸ್ರೇಲಿನೊಳಗಿರೋ ಅರಾದ್ ಕಡೆಯಿಂದ ಒಕ್ಕಲೆಬ್ಬಿಸಲ್ಪಟ್ಟು ಬಂದ ಜಹಾಲಿನ್ ಬುಡಕಟ್ಟಿನ ಬೆದೂಯಿನ್‌ಗಳು (ಅಲೆಮಾರಿ ಅರಬ್ ಕುರಿಗಾರರು), ಆ ಜಮೀನನ್ನ ಯತ್ತಾದೋರಿಂದ ದುಡ್ಡು ಕೊಟ್ಟು ಕೊಂಡೋರು. ಸಭೆಯಲ್ಲಿ ಅವ್ದಾ ಅವರ ಹೆಸರು ಹೇಳಿ.

ನಕ್ಷೆ ಬೇಕಾದರೆ ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ಹಾಕಿರೋದು ಎಲ್ಲರಿಗೂ ತೆರೆದಿದೆ. ಊರುಗಳ ಹೆಸರು ಕನ್ನಡದಲ್ಲಿ ಬರೆದು ಕಳಿಸ್ತೀನಿ, ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ.